ದೂರಗುರಿ ರೈಫಲ್ ಶೂಟಿಂಗ್

ದೂರಗುರಿ ರೈಫಲ್ ಶೂಟಿಂಗ್ ಎಂಬುದು ರೈಫಲ್ ಬಂದೂಕಿನಿಂದ ಬಹುದೂರದ ಗುರಿಗೆ ನಿಖರವಾಗಿ ಗುಂಡು ಹಾರಿಸುವ ಕ್ರೀಡೆ ಮತ್ತು ಕೌಶಲ. ಎಷ್ಟು ಅಂತರವನ್ನು ‘ದೂರ’ ಎನ್ನಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ಅಳತೆಯಿಲ್ಲ. ಬ್ರಿಟನ್ನಿನ ಸ್ಪರ್ಧಾ ಸಂಪ್ರದಾಯದಲ್ಲಿ 800, 900 ಮತ್ತು 1000 ಗಜಗಳನ್ನು ದೂರಗುರಿ ಎಂದು ಎಣಿಸುವುದು ವಾಡಿಕೆ. ಬೇಟೆಗಾರರಲ್ಲಿ 300 ಮೀಟರನ್ನು ದಾಟಿದ ಈಡು ದೂರದ ಈಡೆನಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಗುರಿಯ ಮೇಲೆ ನೇರವಾಗಿ ಕಣ್ಣಿಟ್ಟು ಹೊಡೆದರೆ ಗುಂಡು ತಾಗದೆ, ಗುಂಡಿನ ಬೀಳು ಮತ್ತು ಗಾಳಿಯ ಸೆಳೆತಗಳನ್ನು ಲೆಕ್ಕ ಹಾಕಿಯೇ ಹೊಡೆಯಬೇಕಾದ ಅಂತರದಿಂದ ಈ ವಿದ್ಯೆ ಆರಂಭವಾಗುತ್ತದೆ.

ಇದರಲ್ಲಿ ಮುಖ್ಯವಾಗಿ ಮೂರು ಕವಲುಗಳಿವೆ. ಗೊತ್ತಾದ ದೂರದಲ್ಲಿ ನೆಟ್ಟ ಗುರಿಫಲಕಗಳಿಗೆ ಹೊಡೆಯುವ ಮೈದಾನ ಸ್ಪರ್ಧೆ ಮೊದಲನೆಯದು. ಗುಡ್ಡಬೆಟ್ಟಗಳ ಬಯಲಿನಲ್ಲಿ ಗುರಿಯನ್ನು ಹುಡುಕಿ, ದೂರವನ್ನು ಅಳೆದು, ಸಿಕ್ಕ ಆಸರೆಯಿಂದ ಹೊಡೆಯುವ ಬಯಲು ಸ್ಪರ್ಧೆ ಎರಡನೆಯದು. ಬೇಟೆ ಮೂರನೆಯದು. ಮೊದಲೆರಡರಲ್ಲಿ ಗುರಿ ತಪ್ಪಿದರೆ ಅಂಕ ಹೋಗುತ್ತದೆ. ಮೂರನೆಯದರಲ್ಲಿ ಗುರಿ ತಪ್ಪಿದರೆ ಜೀವವೊಂದು ಗಾಯಗೊಂಡು ನರಳುತ್ತದೆ. ಆದುದರಿಂದ ಅಭ್ಯಾಸದ ಕ್ರಮ ಮೂರಕ್ಕೂ ಒಂದೇ ಆಗಿದ್ದರೂ, ಗುಂಡು ಹಾರಿಸಬಹುದಾದ ದೂರದ ಮಿತಿ ಒಂದೇ ಆಗಿರುವುದಿಲ್ಲ.

## ಇತಿಹಾಸ

ನಳಿಗೆಯ ಒಳಮೈ ನಯವಾಗಿದ್ದ ಹಳೆಯ ಕೋವಿಗಳಿಂದ ನೂರು ಗಜಕ್ಕಿಂತ ಆಚೆ ಗುರಿ ಹಿಡಿಯುವುದು ಕಷ್ಟವಾಗಿತ್ತು. ನಳಿಗೆಯ ಒಳಗೆ ಸುರುಳಿಯಾಕಾರದ ಗೀರುಗಳನ್ನು ಕೊರೆದು, ಗುಂಡು ತನ್ನ ಅಕ್ಷದ ಮೇಲೆ ತಿರುಗುತ್ತ ಹೊರಡುವಂತೆ ಮಾಡಿದ ಬಂದೂಕೇ ರೈಫಲ್. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇದು ಸೈನಿಕರ ಸಾಮಾನ್ಯ ಆಯುಧವಾದ ಮೇಲೆ ದೂರಗುರಿ ಒಂದು ಶಿಸ್ತಾಗಿ ಬೆಳೆಯಿತು.

ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘ 1859ರಲ್ಲಿ ಸ್ಥಾಪನೆಯಾಯಿತು. 1860ರ ಜುಲೈನಲ್ಲಿ ಲಂಡನ್ನಿನ ವಿಂಬಲ್ಡನ್ ಬಯಲಿನಲ್ಲಿ ಅದರ ಮೊದಲ ಕೂಟ ನಡೆದಾಗ, ಕಬ್ಬಿಣದ ಆಸರೆಯಲ್ಲಿ ಭದ್ರವಾಗಿ ಕೂರಿಸಿದ್ದ ವಿಟ್‌ವರ್ತ್ ರೈಫಲ್‌ನಿಂದ ವಿಕ್ಟೋರಿಯಾ ರಾಣಿ 400 ಗಜ ದೂರದ ಫಲಕಕ್ಕೆ ಮೊದಲ ಗುಂಡನ್ನು ಹಾರಿಸಿದಳು. ಗುಂಡು ನಡುಬಿಂದುವಿನ ತೀರ ಸಮೀಪಕ್ಕೆ ಬಡಿಯಿತು. ಸಂಘದ ಕೂಟ 1890ರಲ್ಲಿ ಬಿಸ್ಲಿ ಎಂಬಲ್ಲಿಗೆ ಸ್ಥಳಾಂತರಗೊಂಡಿತು. ಇಂದಿಗೂ ಅಲ್ಲಿಯೇ ನಡೆಯುತ್ತಿದೆ.

ಅಮೆರಿಕದ ರಾಷ್ಟ್ರೀಯ ರೈಫಲ್ ಸಂಘ 1871ರಲ್ಲಿ ಹುಟ್ಟಿತು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಕ್ರೀಡ್‌ಮೂರ್ ಎಂಬ ಮೈದಾನ 1873ರಲ್ಲಿ ತೆರೆಯಿತು. 1874ರ ಸೆಪ್ಟೆಂಬರಿನಲ್ಲಿ ಇಲ್ಲಿ ಐರ್ಲೆಂಡ್ ಮತ್ತು ಅಮೆರಿಕದ ತಂಡಗಳ ನಡುವೆ 800, 900 ಮತ್ತು 1000 ಗಜಗಳ ಪಂದ್ಯ ನಡೆಯಿತು. ಐರಿಷರು ಬಾಯಿಯಿಂದ ಮದ್ದು ತುಂಬುವ ರಿಗ್ಬಿ ರೈಫಲ್‌ಗಳನ್ನೂ ಅಮೆರಿಕನ್ನರು ಹಿಂಬದಿಯಿಂದ ತೋಟಾ ತುಂಬುವ ರೆಮಿಂಗ್ಟನ್ ಮತ್ತು ಶಾರ್ಪ್ಸ್ ರೈಫಲ್‌ಗಳನ್ನೂ ಬಳಸಿದರು. ಅಮೆರಿಕ 934, ಐರ್ಲೆಂಡ್ 931 ಅಂಕ ಗಳಿಸಿದವು. ಐರಿಷ್ ಶೂಟರ್ ಒಬ್ಬರು ಹೊಡೆದ ಒಂದು ಗುಂಡು ನಡುಬಿಂದುವಿಗೇ ತಾಗಿತ್ತಾದರೂ ಅದು ಪಕ್ಕದ ಫಲಕವಾಗಿದ್ದುದರಿಂದ ಅಂಕ ದೊರೆಯಲಿಲ್ಲ. ಮೂರು ಅಂಕಗಳ ಈ ಸೋಲು ‘ಹೊಡೆಯುವ ಮುನ್ನ ಗುರಿ ಯಾವುದೆಂದು ಖಚಿತಪಡಿಸಿಕೊಳ್ಳಬೇಕು’ ಎಂಬ ಪಾಠಕ್ಕೆ ಉದಾಹರಣೆಯಾಗಿ ಉಳಿದಿದೆ. 1876ರಲ್ಲಿ ಪಾಲ್ಮಾ ಪಾರಿತೋಷಕದ ಅಂತರರಾಷ್ಟ್ರೀಯ ಸ್ಪರ್ಧೆ ಆರಂಭವಾಯಿತು.

1908ರ ಲಂಡನ್ ಒಲಿಂಪಿಕ್ ಕ್ರೀಡಾಕೂಟದಲ್ಲಿ 1000 ಗಜಗಳ ರೈಫಲ್ ಸ್ಪರ್ಧೆಯೊಂದು ನಡೆದಿತ್ತು. 300 ಮೀಟರ್ ರೈಫಲ್ ಸ್ಪರ್ಧೆ 1972ರ ಬಳಿಕ ಒಲಿಂಪಿಕ್ಸ್‌ನಲ್ಲಿ ಇಲ್ಲ. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಮಾತ್ರ ಉಳಿದುಕೊಂಡಿದೆ. ಅದರ ಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10 ಸೆಂಟಿಮೀಟರ್.

## ಗುಂಡಿನ ಪಥ

ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ ಗುಂಡು ಗುರುತ್ವಾಕರ್ಷಣೆಗೆ ಒಳಗಾಗಿ ಕೆಳಕ್ಕೆ ಬೀಳತೊಡಗುತ್ತದೆ. ಗುಂಡು ಸ್ವಲ್ಪ ದೂರ ‘ನೇರವಾಗಿ’ ಹೋಗಿ ಆಮೇಲೆ ಬಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ರೈಫಲ್‌ನ ದುರ್ಬೀನು ನಳಿಗೆಗಿಂತ ಕೆಲವು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ನಳಿಗೆಯನ್ನು ದೃಷ್ಟಿರೇಖೆಗಿಂತ ತುಸು ಮೇಲ್ಮುಖವಾಗಿಸಿ, ಒಂದು ನಿರ್ದಿಷ್ಟ ದೂರದಲ್ಲಿ ಗುಂಡಿನ ಪಥವೂ ದೃಷ್ಟಿರೇಖೆಯೂ ಕೂಡುವಂತೆ ಹೊಂದಿಸಲಾಗುತ್ತದೆ. ಇದನ್ನು ‘ಝೀರೋ ಮಾಡುವುದು’ ಎನ್ನುತ್ತಾರೆ. ದೂರಗುರಿಯಲ್ಲಿ ಸಾಮಾನ್ಯವಾಗಿ 100 ಗಜ ಅಥವಾ 100 ಮೀಟರಿಗೆ ಝೀರೋ ಮಾಡಿಕೊಳ್ಳುತ್ತಾರೆ.

ಗುಂಡನ್ನು ನಿಧಾನಗೊಳಿಸುವ ಇನ್ನೊಂದು ಶಕ್ತಿ ಗಾಳಿಯ ತಡೆ. ಉದ್ದವಾದ, ಚೂಪು ಮೂತಿಯ, ತನ್ನ ಅಡ್ಡಳತೆಗೆ ಹೋಲಿಸಿದರೆ ಭಾರವಾದ ಗುಂಡು ಈ ತಡೆಯನ್ನು ಚೆನ್ನಾಗಿ ಎದುರಿಸುತ್ತದೆ. ಈ ಗುಣವನ್ನು ಸೂಚಿಸುವ ಸಂಖ್ಯೆಗೆ ‘ಬ್ಯಾಲಿಸ್ಟಿಕ್ ಗುಣಾಂಕ’ ಎಂದು ಹೆಸರು. ಎತ್ತರದ ಪ್ರದೇಶದಲ್ಲಿ ಮತ್ತು ಸೆಖೆಯ ದಿನಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಗುಂಡು ಕಡಿಮೆ ಬೀಳುತ್ತದೆ. ತಗ್ಗಿನ ಪ್ರದೇಶದ ಚಳಿಯಲ್ಲಿ ಹೆಚ್ಚು ಬೀಳುತ್ತದೆ.

1952ರಲ್ಲಿ ಬಳಕೆಗೆ ಬಂದ .308 ವಿಂಚೆಸ್ಟರ್ ತೋಟಾವನ್ನು ಉದಾಹರಣೆಯಾಗಿ ನೋಡಬಹುದು. ಇದರ ಸುಮಾರು 11.3 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 790 ಮೀಟರ್ ವೇಗದಲ್ಲಿ ಹೊರಟರೆ, 100 ಗಜಕ್ಕೆ ಝೀರೋ ಮಾಡಿದ ರೈಫಲ್‌ನಲ್ಲಿ ಸ್ಥೂಲವಾಗಿ ಹೀಗೆ ವರ್ತಿಸುತ್ತದೆ:

- 300 ಗಜದಲ್ಲಿ ದೃಷ್ಟಿರೇಖೆಗಿಂತ ಸುಮಾರು 40 ಸೆಂಟಿಮೀಟರ್ ಕೆಳಗೆ ತಾಗುತ್ತದೆ.
- 600 ಗಜದಲ್ಲಿ ಸುಮಾರು ಎರಡೂವರೆ ಮೀಟರಿಗೂ ಹೆಚ್ಚು ಕೆಳಗೆ ತಾಗುತ್ತದೆ.
- 1000 ಗಜದಲ್ಲಿ ಸುಮಾರು 10 ಮೀಟರ್ ಕೆಳಗೆ ತಾಗುತ್ತದೆ.

ದೂರ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚಾದಾಗ ಬೀಳು ಸುಮಾರು ಇಪ್ಪತ್ತೈದು ಪಟ್ಟಾಗಿರುವುದನ್ನು ಇಲ್ಲಿ ಗಮನಿಸಬೇಕು. ಹತ್ತಿರದಲ್ಲಿ ದೂರದ ಅಂದಾಜು ತುಸು ತಪ್ಪಿದರೂ ಗುರಿ ಕೆಡುವುದಿಲ್ಲ. 600 ಗಜದಲ್ಲಿ 25 ಗಜದಷ್ಟು ಅಂದಾಜು ತಪ್ಪಿದರೆ ಗುಂಡು ಸುಮಾರು ಒಂದು ಗೇಣಿನಷ್ಟು ಮೇಲೆ ಅಥವಾ ಕೆಳಗೆ ಹೋಗುತ್ತದೆ.

ಏರಿಗೆ ಅಥವಾ ಇಳಿಜಾರಿಗೆ ಹೊಡೆಯುವಾಗ ಗುರುತ್ವ ಎಳೆಯುವುದು ಸಮತಲದ ದೂರಕ್ಕೆ ತಕ್ಕಂತೆ. ಕಣ್ಣಿಗೆ ಗುರಿ 400 ಮೀಟರ್ ದೂರದಲ್ಲಿದ್ದು ಕೋನ 30 ಡಿಗ್ರಿ ಇದ್ದರೆ, ಬೀಳನ್ನು ಸುಮಾರು 346 ಮೀಟರಿಗೆ ಲೆಕ್ಕ ಹಾಕಬೇಕು. ಬೆಟ್ಟದ ಬೇಟೆಯಲ್ಲಿ ಗುಂಡುಗಳು ಪ್ರಾಣಿಯ ಬೆನ್ನಿನ ಮೇಲಿನಿಂದ ಹಾದುಹೋಗಲು ಈ ಲೆಕ್ಕವನ್ನು ಮರೆಯುವುದು ಒಂದು ಸಾಮಾನ್ಯ ಕಾರಣ.

ತಿರುಗುವ ಗುಂಡು ತಿರುಗುವ ದಿಕ್ಕಿಗೆ ತುಸುತುಸುವಾಗಿ ವಾಲುವುದು ಮತ್ತು ಭೂಮಿಯ ಪರಿಭ್ರಮಣೆಯಿಂದ ಪಥ ಬದಲಾಗುವುದು ಇನ್ನೆರಡು ಅಂಶಗಳು. ಇವುಗಳ ಪ್ರಭಾವ ಚಿಕ್ಕದು. 1000 ಗಜದ ಆಸುಪಾಸಿನಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಗುಂಡಿನ ವೇಗ ಶಬ್ದದ ವೇಗಕ್ಕೆ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗೆ, ಇಳಿಯುವ ಹಂತದಲ್ಲಿ ಹಲವು ಗುಂಡುಗಳು ಸ್ಥಿರತೆಯನ್ನು ಕಳೆದುಕೊಳ್ಳುತ್ತವೆ.

## ಕೋನದ ಅಳತೆ ಮತ್ತು ದೂರನಿರ್ಣಯ

ಗುಂಡು ಎಷ್ಟು ಸೆಂಟಿಮೀಟರ್ ತಪ್ಪಿತು ಎನ್ನುವುದಕ್ಕಿಂತ ಎಷ್ಟು ಕೋನ ತಪ್ಪಿತು ಎಂದು ಹೇಳುವುದು ಶೂಟಿಂಗಿನಲ್ಲಿ ಅನುಕೂಲ. ಇದಕ್ಕೆ ಎರಡು ಮಾನಗಳಿವೆ. ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ ‘ಕೋನದ ಮಿನಿಟು’. ಇದು 100 ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರಿಗೆ ಸಮ. ರೇಡಿಯನ್ನಿನ ಸಾವಿರದ ಒಂದು ಭಾಗ ‘ಮಿಲ್’. ಇದು 100 ಮೀಟರಿನಲ್ಲಿ 10 ಸೆಂಟಿಮೀಟರಿಗೆ ಸಮ. ಒಂದು ಮಿಲ್ ಎಂದರೆ ಸುಮಾರು 3.44 ಮಿನಿಟು. ದುರ್ಬೀನಿನ ತಿರುಗಣೆಗಳು ಸಾಮಾನ್ಯವಾಗಿ ಕಾಲು ಮಿನಿಟಿನ ಅಥವಾ 0.1 ಮಿಲ್‌ನ ಹೆಜ್ಜೆಗಳಲ್ಲಿ ಕ್ಲಿಕ್ಕೆಂದು ತಿರುಗುತ್ತವೆ.

ದುರ್ಬೀನಿನ ಒಳಗಿನ ಗೆರೆಗಳಿಂದ ದೂರವನ್ನು ಅಳೆಯಲೂ ಸಾಧ್ಯ. ಗುರಿಯ ನಿಜವಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಸಾವಿರದಿಂದ ಗುಣಿಸಿ, ಅದು ಕಂಡ ಮಿಲ್‌ಗಳಿಂದ ಭಾಗಿಸಿದರೆ ದೂರ ದೊರೆಯುತ್ತದೆ. ಅರ್ಧ ಮೀಟರ್ ಎತ್ತರದ ಫಲಕ 1.25 ಮಿಲ್ ಆಗಿ ಕಂಡರೆ ಅದು 400 ಮೀಟರ್ ದೂರದಲ್ಲಿದೆ. ಲೇಸರ್ ದೂರಮಾಪಕಗಳು ಬಂದ ಮೇಲೆ ಈ ಲೆಕ್ಕದ ಬಳಕೆ ಕಡಿಮೆಯಾಗಿದೆ. ಆದರೂ ಮಂಜು, ಮಳೆ, ಎದುರಿನ ಹುಲ್ಲುಕಡ್ಡಿ ಮುಂತಾದವುಗಳಿಂದ ಲೇಸರ್ ತಪ್ಪು ಅಳತೆ ಕೊಡಬಹುದಾದುದರಿಂದ, ಅನುಭವಿಗಳು ಎರಡನ್ನೂ ಹೋಲಿಸಿ ನೋಡುತ್ತಾರೆ.

## ಗಾಳಿ

ದೂರವನ್ನು ಉಪಕರಣದಿಂದ ಅಳೆಯಬಹುದು. ಗುಂಡಿನ ಬೀಳನ್ನು ಗಣಿತದಿಂದ ಪಡೆಯಬಹುದು. ಗಾಳಿಯನ್ನು ಮಾತ್ರ ಓದಬೇಕು. ಶೂಟರ್ ನಿಂತ ಜಾಗದಿಂದ ಗುರಿಯವರೆಗೆ ಅದು ಒಂದೇ ಸಮನೆ ಬೀಸುವುದಿಲ್ಲ. ಕಣಿವೆಯಲ್ಲಿ ಒಂದು ದಿಕ್ಕು, ದಿಬ್ಬದ ಮೇಲೆ ಇನ್ನೊಂದು ದಿಕ್ಕು ಇರುವುದುಂಟು.

ಮೇಲಿನ ಉದಾಹರಣೆಯ ಗುಂಡನ್ನು ಸೆಕೆಂಡಿಗೆ ನಾಲ್ಕೂವರೆ ಮೀಟರ್ ವೇಗದ ಅಡ್ಡಗಾಳಿ 300 ಗಜದಲ್ಲಿ ಸುಮಾರು 16 ಸೆಂಟಿಮೀಟರ್, 600 ಗಜದಲ್ಲಿ ಸುಮಾರು 75 ಸೆಂಟಿಮೀಟರ್, 1000 ಗಜದಲ್ಲಿ ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. ಗಾಳಿಯ ವೇಗದ ಅಂದಾಜು ಸೆಕೆಂಡಿಗೆ ಒಂದು ಮೀಟರಿನಷ್ಟು ತಪ್ಪಿದರೆ 300 ಗಜದಲ್ಲಿ ಆಗುವ ದೋಷ ನಾಲ್ಕು ಸೆಂಟಿಮೀಟರ್ ಮಾತ್ರ. 600 ಗಜದಲ್ಲಿ ಅದು ಸುಮಾರು 17 ಸೆಂಟಿಮೀಟರ್. 1000 ಗಜದಲ್ಲಿ ಅರ್ಧ ಮೀಟರ್.

ದಿಕ್ಕೂ ಮುಖ್ಯ. ಗುಂಡಿನ ದಾರಿಗೆ ಲಂಬವಾಗಿ ಬೀಸುವ ಗಾಳಿಯನ್ನು ಪೂರ್ಣವಾಗಿ ಎಣಿಸಬೇಕು. 30 ಡಿಗ್ರಿ ಓರೆಯಾಗಿ ಬೀಸಿದರೆ ಅರ್ಧದಷ್ಟು. ಎದುರಿನಿಂದ ಅಥವಾ ಬೆನ್ನಿನಿಂದ ಬೀಸುವ ಗಾಳಿಯಿಂದ ಪಕ್ಕದ ಸೆಳೆತವಿಲ್ಲ.

ಗಾಳಿಯನ್ನು ಓದಲು ಪ್ರಕೃತಿಯೇ ಹಲವು ಗುರುತುಗಳನ್ನು ಕೊಟ್ಟಿದೆ. ಬ್ಯೂಫೋರ್ಟ್ ಮಾಪನದ ಪ್ರಕಾರ ಮುಖಕ್ಕೆ ಗಾಳಿ ಸೋಕಿ ಎಲೆಗಳು ಮರಮರಗುಟ್ಟಿದರೆ ವೇಗ ಸೆಕೆಂಡಿಗೆ 1.6ರಿಂದ 3.3 ಮೀಟರ್; ಎಲೆಗಳೂ ಎಳೆಯ ರೆಂಬೆಗಳೂ ಬಿಡದೆ ಅಲುಗಾಡುತ್ತಿದ್ದರೆ 3.4ರಿಂದ 5.4 ಮೀಟರ್, ಧೂಳೂ ಹಗುರವಾದ ಕಾಗದವೂ ಮೇಲೆದ್ದರೆ 5.5ರಿಂದ 7.9 ಮೀಟರ್. ಮೈದಾನಗಳಲ್ಲಿ ಇದಕ್ಕಾಗಿ ಬಾವುಟಗಳನ್ನು ನೆಡುತ್ತಾರೆ. ಬಿಸಿಲಿನಲ್ಲಿ ನೆಲದಿಂದ ಏಳುವ ಝಳ ದುರ್ಬೀನಿನಲ್ಲಿ ನೀರಿನ ಅಲೆಯಂತೆ ಕಾಣುತ್ತದೆ. ಈ ಬಿಸಿಲುಗುದುರೆ ಓರೆಯಾಗಿ ಹರಿದರೆ ಅಡ್ಡಗಾಳಿಯಿದೆ ಎಂದೂ, ಕುದಿಯುವಂತೆ ನೇರವಾಗಿ ಮೇಲೇಳುತ್ತಿದ್ದರೆ ಅಡ್ಡಗಾಳಿಯಿಲ್ಲ ಎಂದೂ ತಿಳಿಯಬೇಕು.

## ಉಪಕರಣಗಳು

ದೂರಗುರಿಗೆ ಬಳಸುವ ರೈಫಲ್ ಸಾಮಾನ್ಯವಾಗಿ ಬೋಲ್ಟ್ ಎಳೆದು ಒಂದೊಂದೇ ತೋಟಾ ಏರಿಸುವ ಮಾದರಿಯದು. .308 ವಿಂಚೆಸ್ಟರ್ ಜೊತೆಗೆ, ಹಾರ್ನಡಿ ಸಂಸ್ಥೆ 2007ರಲ್ಲಿ ಪ್ರಕಟಿಸಿದ 6.5 ಕ್ರೀಡ್‌ಮೂರ್ ತೋಟಾ ಜನಪ್ರಿಯವಾಗಿದೆ. ಇದರ ತೆಳುವಾದ ಉದ್ದ ಗುಂಡು ಗಾಳಿಗೆ ಕಡಿಮೆ ಸರಿಯುತ್ತದೆ, ಹಿನ್ನೊದೆತವೂ ಕಡಿಮೆ. ಅಮೆರಿಕದ ಹಳೆಯ ಮೈದಾನದ ಹೆಸರು ಈ ತೋಟಾದಲ್ಲಿ ಉಳಿದಿದೆ.

ದುರ್ಬೀನು, ನಳಿಗೆಗೆ ಆಸರೆಯಾಗುವ ಎರಡು ಕಾಲಿನ ಊರೆ, ಹಿಡಿಯ ಅಡಿಗೆ ಇಡುವ ಮರಳಿನ ಅಥವಾ ಹಗುರವಾದ ಕಾಳಿನ ಚೀಲ, ತೊಗಲಿನ ಇಲ್ಲವೆ ನೈಲಾನಿನ ಪಟ್ಟಿ, ದೂರಮಾಪಕ, ಗಾಳಿಮಾಪಕ ಇವು ಇತರ ಸಲಕರಣೆಗಳು. ಕೆನಡಾದ ಜಾರ್ಜ್ ಫಾರ್ಕರ್ಸನ್ ರೂಪಿಸಿದ, ಅವರ ಹೆಸರಿನ ಮೊದಲ ಅಕ್ಷರದಿಂದ ‘ಎಫ್ ಕ್ಲಾಸ್’ ಎನಿಸಿಕೊಂಡ ಸ್ಪರ್ಧೆಯಲ್ಲಿ ದುರ್ಬೀನಿಗೂ ಆಸರೆಗೂ ಅವಕಾಶವಿದೆ. ಬಿಸ್ಲಿಯ ಸಾಂಪ್ರದಾಯಿಕ ಟಾರ್ಗೆಟ್ ರೈಫಲ್ ಸ್ಪರ್ಧೆಯಲ್ಲಿ ಪಟ್ಟಿಯ ಬಿಗಿತವಷ್ಟೇ ಆಸರೆ. ದುರ್ಬೀನಿನ ಬದಲು ಸಣ್ಣ ರಂಧ್ರದ ಗುರಿನೋಟವನ್ನು ಬಳಸುತ್ತಾರೆ.

## ಅಭ್ಯಾಸ

### ಮೂಲ ಕ್ರಿಯೆಗಳು

ಗುಂಡು ಹಾರಿಸುವ ಕ್ರಿಯೆಯನ್ನು ಐದು ಭಾಗಗಳಾಗಿ ವಿಂಗಡಿಸಿ ಕಲಿಸುವುದುಂಟು: ಭಂಗಿ, ಗುರಿನೋಟ, ಉಸಿರು, ಟ್ರಿಗರ್ ಒತ್ತು ಮತ್ತು ಅನುಸರಣೆ. ಭಂಗಿ ಸರಿಯಾಗಿದ್ದರೆ ಸ್ನಾಯುಗಳ ಬಲವಿಲ್ಲದೆಯೇ ರೈಫಲ್ ಗುರಿಯ ಕಡೆಗೆ ನಿಂತಿರುತ್ತದೆ. ಕಣ್ಣು ಮುಚ್ಚಿ, ಎರಡು ಬಾರಿ ಉಸಿರಾಡಿ, ಮತ್ತೆ ಕಣ್ಣು ತೆರೆದಾಗ ಗುರಿಗೆರೆ ಸರಿದಿದ್ದರೆ ಕೈಯಿಂದ ರೈಫಲನ್ನು ಎಳೆಯಬಾರದು, ಮೈಯನ್ನೇ ಸರಿಸಿಕೊಳ್ಳಬೇಕು. ಉಸಿರು ಹೊರಬಿಟ್ಟು ಮುಂದಿನ ಉಸಿರು ತೆಗೆದುಕೊಳ್ಳುವ ನಡುವಣ ಸಹಜ ವಿರಾಮದಲ್ಲಿ ಟ್ರಿಗರನ್ನು ನೇರ ಹಿಂದಕ್ಕೆ ಸಮವಾಗಿ ಒತ್ತಬೇಕು. ಗುಂಡು ಹೊರಟ ಮೇಲೂ ತಲೆ ಎತ್ತದೆ, ಗುಂಡು ಎಲ್ಲಿ ಬಿತ್ತೆಂದು ದುರ್ಬೀನಿನಲ್ಲೇ ನೋಡುವುದು ಅನುಸರಣೆ.

### ಖಾಲಿ ಅಭ್ಯಾಸ

ತೋಟಾ ಇಲ್ಲದ ರೈಫಲ್‌ನಿಂದ ಟ್ರಿಗರ್ ಒತ್ತಿ ಮಾಡುವ ಅಭ್ಯಾಸಕ್ಕೆ ಖರ್ಚಿಲ್ಲ, ಮೈದಾನ ಬೇಕಿಲ್ಲ. ಹಿನ್ನೊದೆತವೂ ಸದ್ದೂ ಇಲ್ಲದಿರುವುದರಿಂದ ಟ್ರಿಗರ್ ಒತ್ತುವಾಗ ಕೈ ನಡುಗುವುದು, ಕಣ್ಣು ಮಿಟುಕುವುದು ಸ್ಪಷ್ಟವಾಗಿ ತಿಳಿಯುತ್ತವೆ. ಈ ಅಭ್ಯಾಸದ ಕೋಣೆಯಲ್ಲಿ ತೋಟಾಗಳನ್ನು ಇಡಬಾರದು. ನಳಿಗೆ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಅಗ್ಗವಾದ .22 ರೈಫಲ್‌ನಿಂದ 100ರಿಂದ 200 ಮೀಟರಿನಲ್ಲಿ ಹೊಡೆಯುವುದು ಇನ್ನೊಂದು ಉಪಾಯ. ಅದರ ನಿಧಾನವಾದ ಗುಂಡು ಈ ಚಿಕ್ಕ ದೂರದಲ್ಲೇ ಗಾಳಿಗೆ ಸಾಕಷ್ಟು ಸರಿಯುವುದರಿಂದ ಗಾಳಿಯ ಪಾಠ ಕಡಿಮೆ ವೆಚ್ಚದಲ್ಲಿ ಸಿಗುತ್ತದೆ.

### ಬಯಲಿನ ಭಂಗಿಗಳು

ಮೇಜಿನ ಮೇಲೆ ಮರಳುಚೀಲ ಇಟ್ಟು ಹೊಡೆದ ಐದು ಗುಂಡುಗಳ ಗುಂಪು ರೈಫಲ್‌ನ ನಿಖರತೆಯನ್ನು ತೋರಿಸುತ್ತದೆಯೇ ಹೊರತು ಹೊಡೆದವನ ಕೌಶಲವನ್ನಲ್ಲ. ಬಯಲಿನಲ್ಲಿ ಮೇಜಿಲ್ಲ. ಹುಲ್ಲು ಎತ್ತರವಿದ್ದರೆ ಮಲಗಿ ಹೊಡೆಯಲು ಆಗದು. ಕುಳಿತೋ ಮೊಣಕಾಲೂರಿಯೋ ಮರದ ಕಾಂಡಕ್ಕೆ ಒರಗಿಯೋ ಹೊಡೆಯಬೇಕಾಗುತ್ತದೆ. ಆದುದರಿಂದ ಅಭ್ಯಾಸದ ಹೆಚ್ಚಿನ ಪಾಲು ಈ ಭಂಗಿಗಳಿಗೆ ಮೀಸಲಾಗಿರಬೇಕು. ಬಂಡೆ, ಬೇಲಿಕಂಬ, ಬೆನ್ನುಚೀಲ, ಮುಕ್ಕಾಲಿ ಹೀಗೆ ಸಿಕ್ಕ ಆಸರೆಯನ್ನು ಬಳಸುವುದನ್ನು ರೂಢಿಸಿಕೊಳ್ಳಬೇಕು. ನಳಿಗೆಯನ್ನು ಮಾತ್ರ ಗಟ್ಟಿ ವಸ್ತುವಿಗೆ ತಾಗಿಸಬಾರದು. ತಾಗಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ.

ನಿಜವಾದ ಸನ್ನಿವೇಶಕ್ಕೆ ಹತ್ತಿರವಾಗಲು ಕಾಲಮಿತಿ ಇಟ್ಟುಕೊಳ್ಳುವುದು, ಓಡಿ ಬಂದು ಏದುಸಿರಿನಲ್ಲೇ ಭಂಗಿ ಹಿಡಿಯುವುದು, ದಿನದ ಮೊದಲ ಗುಂಡನ್ನು ತಣ್ಣಗಿನ ನಳಿಗೆಯಿಂದ ಹೊಡೆದು ಅದರ ಫಲವನ್ನು ಪ್ರತ್ಯೇಕವಾಗಿ ಬರೆದಿಡುವುದು ರೂಢಿಯಲ್ಲಿವೆ. ಬೇಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಆ ಮೊದಲ ಗುಂಡು ಒಂದೇ.

### ದಾಖಲೆ ಪುಸ್ತಕ

ದೂರ, ಗಾಳಿ, ಉಷ್ಣತೆ, ತಿರುಗಣೆಯ ಕ್ಲಿಕ್ಕುಗಳು, ಗುಂಡು ಬಿದ್ದ ಜಾಗ ಇವನ್ನು ಪ್ರತಿ ಸಲವೂ ಬರೆದಿಡುವ ಪುಸ್ತಕ ಶೂಟರನ ಮುಖ್ಯ ಸಾಧನ. ಇಂದು ಗಣಕ ತಂತ್ರಾಂಶಗಳು ಗುಂಡಿನ ಪಥವನ್ನು ಕ್ಷಣದಲ್ಲಿ ಲೆಕ್ಕ ಹಾಕುತ್ತವೆ. ಆದರೆ ಗುಂಡಿನ ವೇಗವನ್ನೋ ಗಾಳಿಯ ಒತ್ತಡವನ್ನೋ ತಪ್ಪಾಗಿ ಕೊಟ್ಟರೆ ಉತ್ತರವೂ ತಪ್ಪಾಗುತ್ತದೆ. ಮೈದಾನದಲ್ಲಿ ನಿಜವಾಗಿ ಹೊಡೆದು ತಾಳೆ ನೋಡದ ಲೆಕ್ಕವನ್ನು ನಂಬಬಾರದು.

### ಸ್ವಂತ ಮಿತಿಯನ್ನು ಅರಿಯುವುದು

ದೊಡ್ಡ ಜಿಂಕೆಜಾತಿಯ ಪ್ರಾಣಿಗಳ ಹೃದಯ ಮತ್ತು ಶ್ವಾಸಕೋಶಗಳ ಭಾಗಕ್ಕೆ ಪ್ರತಿಯಾಗಿ 20 ಸೆಂಟಿಮೀಟರ್ ವ್ಯಾಸದ ತಟ್ಟೆಯೊಂದನ್ನು ಅಭ್ಯಾಸದಲ್ಲಿ ಬಳಸುತ್ತಾರೆ. ಒಂದು ಭಂಗಿಯಲ್ಲಿ, ಬಯಲಿನ ಸ್ಥಿತಿಯಲ್ಲಿ, ಹೊಡೆದ ಎಲ್ಲ ಗುಂಡುಗಳೂ ಈ ತಟ್ಟೆಯೊಳಗೆ ಬೀಳುವ ಅತಿ ಹೆಚ್ಚಿನ ದೂರವೇ ಆ ಭಂಗಿಯಲ್ಲಿ ಆತನ ಮಿತಿ. ಮಲಗಿ ಹೊಡೆದಾಗ ಒಂದು ಮಿನಿಟಿನ ಗುಂಪು ಮಾಡುವ ಶೂಟರ್ ಕುಳಿತು ಹೊಡೆದಾಗ ನಾಲ್ಕು ಮಿನಿಟಿನ ಗುಂಪು ಮಾಡಿದರೆ, 200 ಮೀಟರಿನಲ್ಲಿ ಆ ಗುಂಪಿನ ಅಗಲ ಸುಮಾರು 23 ಸೆಂಟಿಮೀಟರ್ ಆಗುತ್ತದೆ. ಅಂದರೆ ಕುಳಿತ ಭಂಗಿಯಲ್ಲಿ 200 ಮೀಟರೇ ಅವನ ಮಿತಿಯನ್ನು ಮೀರಿದ್ದು. ರೈಫಲ್ 1000 ಗಜಕ್ಕೆ ಸಮರ್ಥವಾಗಿದೆ ಎಂಬುದು ಇಲ್ಲಿ ನೆರವಿಗೆ ಬಾರದು.

## ಬಯಲು ಸ್ಪರ್ಧೆಗಳು

ಬಯಲು ಸ್ಪರ್ಧೆಗಳಿಗೆ ನಾರ್ಡಿಕ್ ದೇಶಗಳಲ್ಲಿ ಹಳೆಯ ಪರಂಪರೆಯಿದೆ. 1893ರಲ್ಲಿ ಸ್ಥಾಪನೆಯಾದ ನಾರ್ವೆಯ ಸ್ವಯಂಪ್ರೇರಿತ ಶೂಟಿಂಗ್ ಸಂಘಟನೆ ನಡೆಸುವ ಸ್ಪರ್ಧೆಗಳಲ್ಲಿ ಮೈದಾನದ ಫಲಕಗಳ ಜೊತೆಗೆ, ಬಯಲಿನಲ್ಲಿ ಬೇರೆ ಬೇರೆ ದೂರದಲ್ಲಿ ನಿಲ್ಲಿಸಿದ ಬೇರೆ ಬೇರೆ ಆಕಾರದ ಗುರಿಗಳಿಗೆ ಹೊಡೆಯುವ ವಿಭಾಗವೂ ಇದೆ.

ಅಮೆರಿಕದಲ್ಲಿ 2012ರಲ್ಲಿ ಆರಂಭವಾದ ಪ್ರಿಸಿಷನ್ ರೈಫಲ್ ಸೀರೀಸ್ ಎಂಬ ಸರಣಿಯಲ್ಲಿ ಉಕ್ಕಿನ ಫಲಕಗಳಿಗೆ ತಡೆಗೋಡೆ, ಮಾಡು, ಟೈರುಗಳ ರಾಶಿ ಮುಂತಾದ ಅಡ್ಡಾದಿಡ್ಡಿ ಆಸರೆಗಳಿಂದ, ಒಂದೆರಡು ನಿಮಿಷಗಳೊಳಗೆ ಹೊಡೆಯಬೇಕು. ಬೇಟೆಗಾರರನ್ನೇ ಉದ್ದೇಶಿಸಿದ ಸ್ಪರ್ಧೆಗಳು ಇನ್ನೂ ಭಿನ್ನ. ಅವುಗಳಲ್ಲಿ ರೈಫಲ್‌ನ ತೂಕಕ್ಕೆ ಮಿತಿಯಿರುತ್ತದೆ. ಬೇಕಾದ ಸಲಕರಣೆಗಳನ್ನೆಲ್ಲ ಬೆನ್ನ ಮೇಲೆ ಹೊತ್ತು ನಡೆಯಬೇಕು. ಗುರಿ ಎಲ್ಲಿದೆ, ಎಷ್ಟು ದೂರದಲ್ಲಿದೆ ಎಂಬುದನ್ನು ಮುಂಚಿತವಾಗಿ ತಿಳಿಸುವುದಿಲ್ಲ. ಹುಡುಕುವುದು, ಅಳೆಯುವುದು, ಭಂಗಿ ಕಟ್ಟುವುದು, ಹೊಡೆಯುವುದು ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಗುರಿಯನ್ನು ಕಂಡುಹಿಡಿಯುವಲ್ಲೇ ಹೊತ್ತು ಕಳೆದು ಒಂದು ಗುಂಡನ್ನೂ ಹಾರಿಸಲಾಗದೆ ಹೋಗುವುದುಂಟು.

## ಬೇಟೆಯಲ್ಲಿ ದೂರಗುರಿ

ಬೇಟೆಗೆ ಕಾನೂನಿನ ಅನುಮತಿಯಿರುವ ದೇಶಗಳಲ್ಲಿ ದೂರದಿಂದ ಹೊಡೆಯುವುದರ ಔಚಿತ್ಯ ಒಂದು ವಿವಾದದ ವಿಷಯ. ಉಪಕರಣಗಳು ಉತ್ತಮವಾದಷ್ಟೂ ಹೊಡೆಯಬಹುದಾದ ದೂರ ಹೆಚ್ಚಿದೆ. ಆದರೆ ಮೂರು ಅಡಚಣೆಗಳು ಉಪಕರಣಕ್ಕೆ ಮಣಿಯುವಂಥವಲ್ಲ.

ಮೊದಲನೆಯದು ಕಾಲ. ಮೇಲೆ ಹೇಳಿದ ಗುಂಡು 600 ಮೀಟರ್ ಸಾಗಲು ಸುಮಾರು ಒಂದು ಸೆಕೆಂಡು ಬೇಕು. ಮೇಯುತ್ತಿರುವ ಪ್ರಾಣಿ ಅಷ್ಟರಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ, ಎದೆಗೆ ಇಟ್ಟ ಗುರಿ ಹೊಟ್ಟೆಗೆ ತಾಗುತ್ತದೆ. ಗುಂಡು ಹಾರಿಸಿದವನ ಕೌಶಲ ಎಷ್ಟೇ ಇದ್ದರೂ ಇದನ್ನು ತಡೆಯಲಾರದು. ಎರಡನೆಯದು ಗುಂಡಿನ ಬಲ. ಬೇಟೆಯ ಗುಂಡು ದೇಹದೊಳಗೆ ಅರಳಿ ಬೇಗ ಪ್ರಾಣ ತೆಗೆಯುವಂತೆ ರಚಿತವಾಗಿರುತ್ತದೆ; ದೂರ ಹೆಚ್ಚಿ ವೇಗ ಕುಗ್ಗಿದಾಗ ಅದು ಅರಳುವುದಿಲ್ಲ. ಜರ್ಮನಿಯ ಕಾನೂನಿನಲ್ಲಿ ದೊಡ್ಡ ಜಿಂಕೆಗಳ ಬೇಟೆಗೆ 100 ಮೀಟರಿನಲ್ಲಿ ಕನಿಷ್ಠ 2000 ಜೂಲ್ ಶಕ್ತಿ ಇರಬೇಕೆಂಬ ನಿಯಮವಿದೆ. ಮೂರನೆಯದು ಹುಡುಕಾಟ. ಅರ್ಧ ಕಿಲೋಮೀಟರ್ ಆಚೆ, ಕಣಿವೆಯ ಎದುರು ಮಗ್ಗುಲಿನಲ್ಲಿ ಪೆಟ್ಟು ತಿಂದ ಪ್ರಾಣಿ ನಿಂತಿದ್ದ ಜಾಗವನ್ನು ತಲುಪಿ, ರಕ್ತದ ಗುರುತು ಹಿಡಿಯುವಷ್ಟರಲ್ಲಿ ಬಹಳ ಹೊತ್ತಾಗಿರುತ್ತದೆ.

1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಸ್ಥಾಪಿಸಿದ ಅಮೆರಿಕದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ‘ನ್ಯಾಯವಾದ ಬೇಟೆ’ ಎಂಬ ತತ್ತ್ವವನ್ನು ಪ್ರತಿಪಾದಿಸುತ್ತ ಬಂದಿದೆ. ಪ್ರಾಣಿಗೆ ತಪ್ಪಿಸಿಕೊಳ್ಳುವ ಸಹಜ ಅವಕಾಶ ಇರಬೇಕೆಂಬುದು ಇದರ ತಿರುಳು. ಬೇಟೆಗಾರನ ಇರವೇ ತಿಳಿಯದಷ್ಟು ದೂರದಿಂದ ಹೊಡೆದರೆ ಪ್ರಾಣಿಯ ಕಣ್ಣು, ಕಿವಿ, ಮೂಗುಗಳು ವ್ಯರ್ಥವಾಗುತ್ತವೆ ಎಂಬುದು ವಿರೋಧಿಗಳ ವಾದ. ನಿರಂತರ ಅಭ್ಯಾಸವಿರುವವನು ಆಸರೆಯೊಂದಿಗೆ 400 ಮೀಟರಿನಿಂದ ಹೊಡೆಯುವುದು, ಅಭ್ಯಾಸವಿಲ್ಲದವನು 150 ಮೀಟರಿನಿಂದ ನಿಂತು ಹೊಡೆಯುವುದಕ್ಕಿಂತ ಕರುಣೆಯುಳ್ಳದ್ದು ಎಂಬುದು ಪರವಾದಿಗಳ ಉತ್ತರ. ದೂರದ ಅಂಕಿಗಿಂತ ಹೊಡೆಯುವವನ ಸಾಮರ್ಥ್ಯ ಮತ್ತು ಸಂಯಮಗಳೇ ಮುಖ್ಯ ಎಂಬುದರಲ್ಲಿ ಎರಡು ಕಡೆಯವರಿಗೂ ಭಿನ್ನಾಭಿಪ್ರಾಯವಿಲ್ಲ.

ನಾರ್ವೆಯಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೊರಡುವವರು ಪ್ರತಿ ವರ್ಷವೂ ಕನಿಷ್ಠ 30 ಗುಂಡುಗಳ ಅಭ್ಯಾಸ ಮುಗಿಸಿ, 100 ಮೀಟರಿನಲ್ಲಿ ಐದು ಗುಂಡುಗಳನ್ನು 30 ಸೆಂಟಿಮೀಟರ್ ವೃತ್ತದೊಳಗೆ ಹೊಡೆದು ತೋರಿಸಬೇಕು. ಗಾಯಗೊಂಡ ಜಿಂಕೆಯನ್ನು ಪತ್ತೆಹಚ್ಚಲು ತರಬೇತಾದ ನಾಯಿಯ ಲಭ್ಯತೆಯನ್ನೂ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಸೀಸದ ಗುಂಡಿನ ಚೂರುಗಳು ಸತ್ತ ಪ್ರಾಣಿಯ ಮಾಂಸದಲ್ಲಿ ಉಳಿದು, ಅದನ್ನು ತಿನ್ನುವ ರಣಹದ್ದುಗಳಿಗೆ ವಿಷವಾಗುತ್ತವೆ. ಕಾಂಡೋರ್ ಪಕ್ಷಿಗಳ ರಕ್ಷಣೆಯೂ ಒಂದು ಕಾರಣವಾಗಿ ಕ್ಯಾಲಿಫೋರ್ನಿಯಾ ರಾಜ್ಯ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡುಗಳನ್ನು ಪೂರ್ಣವಾಗಿ ನಿಷೇಧಿಸಿತು. ಬದಲಿಯಾಗಿ ಬಳಸುವ ತಾಮ್ರದ ಗುಂಡುಗಳು ಅರಳಲು ಸಾಮಾನ್ಯವಾಗಿ ಹೆಚ್ಚಿನ ವೇಗ ಬೇಕು. ಇದರಿಂದ ಬೇಟೆಯ ದೂರದ ಮಿತಿ ಇನ್ನಷ್ಟು ತಗ್ಗುತ್ತದೆ.

## ಭಾರತದಲ್ಲಿ

ಭಾರತದಲ್ಲಿ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ 9ನೆಯ ಪ್ರಕರಣದ ಪ್ರಕಾರ ಕಾಯ್ದೆಯ ಅನುಸೂಚಿಗಳಲ್ಲಿ ಹೆಸರಿಸಿದ ವನ್ಯಪ್ರಾಣಿಗಳ ಬೇಟೆ ಅಪರಾಧ. ಮನುಷ್ಯರ ಜೀವಕ್ಕೆ ಅಪಾಯ ಒಡ್ಡುವ ಪ್ರಾಣಿಯನ್ನು ಕೊಲ್ಲಲು 11ನೆಯ ಪ್ರಕರಣದ ಅಡಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಅಗತ್ಯ. ಆದುದರಿಂದ ಇಲ್ಲಿ ದೂರಗುರಿ ಶೂಟಿಂಗ್ ಕ್ರೀಡೆಯಾಗಿ ಮತ್ತು ಸೇನೆ, ಪೊಲೀಸು ಪಡೆಗಳ ತರಬೇತಿಯಾಗಿ ಮಾತ್ರ ಉಳಿದಿದೆ.

1951ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಘ ನಡೆಸುವ ಸ್ಪರ್ಧೆಗಳಲ್ಲಿ 300 ಮೀಟರ್ ವಿಭಾಗವಿದೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ದೂರಗುರಿ ಸ್ಪರ್ಧೆಗಳು ಹರಿಯಾಣದ ಕಾದರ್‌ಪುರದಲ್ಲಿರುವ ಕೇಂದ್ರೀಯ ಮೀಸಲು ಪೊಲೀಸು ಪಡೆಯ ಮೈದಾನದಲ್ಲಿ ನಡೆದವು. ಬಂದೂಕು ಹೊಂದಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇದರಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ಕೊಡಗಿನ ಗುರಿಗಾರಿಕೆಯ ಪರಂಪರೆಗೆ ಸಾಕ್ಷಿ.

ಕನ್ನಡ ಓದುಗರಿಗೆ ಬೇಟೆಯ ಲೋಕ ಪರಿಚಿತವಾದುದು ಬಹುಮಟ್ಟಿಗೆ ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್‌ರ ಬರಹಗಳಿಂದ. ಹುಲಿಗಳು ನರಭಕ್ಷಕಗಳಾಗಲು ಅಜಾಗರೂಕ ಈಡಿನಿಂದಾದ ಗಾಯವೂ ಒಂದು ಕಾರಣವೆಂದು ಕಾರ್ಬೆಟ್ ಬರೆದಿದ್ದಾರೆ. 1907ರಲ್ಲಿ ಅವರು ಕೊಂದ ಚಂಪಾವತ್ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಿಂದೆಂದೋ ತಗುಲಿದ ಗುಂಡಿನಿಂದ ಮುರಿದಿದ್ದವು. ಸಹಜ ಬೇಟೆಯನ್ನು ಕೊಲ್ಲಲಾಗದ ಆ ಹುಲಿ ನೂರಾರು ಮನುಷ್ಯರನ್ನು ಬಲಿ ತೆಗೆದುಕೊಂಡಿತ್ತು. ಗುರಿ ತಪ್ಪಿದ ಒಂದು ಈಡಿನ ಪರಿಣಾಮ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ಅಪರೂಪ.

## ಸುರಕ್ಷತೆ

ಪೂರ್ಣ ಬಲದ ರೈಫಲ್ ಗುಂಡು ಅನುಕೂಲ ಕೋನದಲ್ಲಿ ಹಾರಿದರೆ ಮೂರು ನಾಲ್ಕು ಕಿಲೋಮೀಟರ್ ಸಾಗಬಲ್ಲದು. ಆದುದರಿಂದ ಗುರಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬ ಇರಲೇಬೇಕು. ಬೆಟ್ಟದ ನೆತ್ತಿಯಲ್ಲಿ, ಆಕಾಶದ ಹಿನ್ನೆಲೆಯಲ್ಲಿ ಕಾಣುವ ಗುರಿಗೆ ಹೊಡೆಯಬಾರದು. ನೀರು, ಬಂಡೆ ಮತ್ತು ಗಟ್ಟಿ ನೆಲಕ್ಕೆ ಬಡಿದ ಗುಂಡು ಪುಟಿದು ಬೇರೆ ದಿಕ್ಕಿಗೆ ಹಾರುತ್ತದೆ.

ಎಲ್ಲ ದೇಶಗಳಲ್ಲೂ ಕಲಿಸುವ ನಾಲ್ಕು ನಿಯಮಗಳು ಇವು:

- ಪ್ರತಿಯೊಂದು ಬಂದೂಕಿನಲ್ಲೂ ತೋಟಾ ಇದೆಯೆಂದೇ ಭಾವಿಸಬೇಕು.
- ಹೊಡೆಯಲು ಉದ್ದೇಶಿಸದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಬಾರದು.
- ಗುರಿಯನ್ನು ನಿಶ್ಚಯಿಸುವವರೆಗೆ ಟ್ರಿಗರಿನ ಮೇಲೆ ಬೆರಳಿಡಬಾರದು.
- ಗುರಿ ಯಾವುದು, ಅದರ ಹಿಂದೆ ಮತ್ತು ಅಕ್ಕಪಕ್ಕ ಏನಿದೆ ಎಂಬುದನ್ನು ಖಚಿತವಾಗಿ ತಿಳಿದಿರಬೇಕು.

ರೈಫಲ್‌ನ ಸದ್ದು ಸುಮಾರು 160 ಡೆಸಿಬೆಲ್ ಮುಟ್ಟುವುದರಿಂದ ಒಂದೇ ಈಡಿನಿಂದಲೂ ಕಿವಿಗೆ ಶಾಶ್ವತ ಹಾನಿಯಾಗಬಹುದು; ಕಿವಿಗೂ ಕಣ್ಣಿಗೂ ರಕ್ಷಣೆ ಧರಿಸುವುದು ಕಡ್ಡಾಯ. ದೂರಗುರಿಯಲ್ಲಿ ನಾಲ್ಕನೆಯ ನಿಯಮಕ್ಕೆ ವಿಶೇಷ ಮಹತ್ವವಿದೆ. ದುರ್ಬೀನಿನ ಕಿರಿದಾದ ನೋಟದಲ್ಲಿ ಗುರಿ ದೊಡ್ಡದಾಗಿ ಕಂಡರೂ ಅದರ ಸುತ್ತಲಿನ ಜಾಗ ಕಾಣುವುದಿಲ್ಲ. ಟ್ರಿಗರ್ ಒತ್ತುವ ಮುನ್ನ ದುರ್ಬೀನಿನಿಂದ ಕಣ್ಣು ತೆಗೆದು ಇಡೀ ಬಯಲನ್ನು ಒಮ್ಮೆ ಬರಿಗಣ್ಣಿನಿಂದ ನೋಡುವ ಅಭ್ಯಾಸವನ್ನು ತರಬೇತುದಾರರು ಮೊದಲ ದಿನದಿಂದಲೇ ಕಲಿಸುತ್ತಾರೆ.